ಮೊದಲು ವಿಂಗಡಣೆ, ಕೊನೆಗೆ ತೊಳೆಯುವುದು: ಬಾಟಲಿ ಮರುಬಳಕೆಯಲ್ಲಿ ನನ್ನ ಅನುಭವ

ಕೈಯಲ್ಲಿ ಆರಿಸುತ್ತಾ ಕೂತರೆ ಕೂಲಿಯೇ ಲಾಭವನ್ನೆಲ್ಲ ತಿಂದುಹಾಕುತ್ತದೆ ಅನ್ನುವುದು ಈ ಕೆಲಸದಲ್ಲಿರುವ ಹೆಚ್ಚಿನವರ ಮಾತು. ಒಟ್ಟಿಗೆ ತುಂಬಿ ಮಾರಿಬಿಡು, ವಿಂಗಡಣೆಯೆಲ್ಲ ದೊಡ್ಡ ಯಂತ್ರ ಇಟ್ಟವರ ಪಾಡು ಎಂದು ನನಗೂ ಹೇಳಿದರು. ನಾನು ಕೇಳದೆ ಕೈಯಲ್ಲೇ ಆರಿಸಿದೆ. ಈಗ ಹೆಚ್ಚುಕಮ್ಮಿ ಎರಡು ವರ್ಷದಿಂದ ನನ್ನ ಪೆಟ್ (ನೀರು, ತಂಪು ಪಾನೀಯದ ಬಾಟಲಿಯ ಪ್ಲಾಸ್ಟಿಕ್) ಚೂರಿನ ಒಂದು ಲೋಡೂ ವಾಪಸ್ ಬಂದಿಲ್ಲ. ಇರುವುದು ಒಂದು ಚಿಕ್ಕ ಗ್ರೈಂಡರ್, ಮೂರು ತೊಟ್ಟಿ, ವಿಂಗಡಿಸುವ ಒಂದು ಮೇಜು, ಅಷ್ಟೇ. ಎಲ್ಲ ಇರುವುದು ಕೆಲಸದ ಕ್ರಮದಲ್ಲಿ. ಮೊದಲು ಬೇರ್ಪಡಿಸಬೇಕು, ಆಮೇಲೆ ಚೂರು ಮಾಡಬೇಕು, ಕೊನೆಗೆ ತೊಳೆಯಬೇಕು. ಶುರುವಿನಲ್ಲಿ ಇಡೀ ಬಾಟಲಿಗಳನ್ನೇ ತೊಳೆದು ಕೈ ಸುಟ್ಟುಕೊಂಡೆ. ನೀರು ಮೂರು ಪಟ್ಟು ಖರ್ಚಾಯಿತು, ಬಾಟಲಿಯ ಒಳಗಿನ ಕೊಳೆ ಒಳಗೇ ಉಳಿಯಿತು.

ದುಡ್ಡು ಸೋರುವುದು ತಕ್ಕಡಿಯಲ್ಲಿ. 100 ಕೆಜಿ ಪೆಟ್ ಬಾಟಲಿ ಕೊಂಡರೆ ಕೈಗೆ ಸಿಗುವ ಶುದ್ಧ ಚೂರು ಸುಮಾರು 75 ಕೆಜಿ. ಮುಚ್ಚಳ ಮತ್ತು ಕತ್ತಿನ ಉಂಗುರಕ್ಕೆ 10–12 ಕೆಜಿ ಹೋಗುತ್ತದೆ, ಅದನ್ನು ಬೇರೆಯಾಗಿ ಮಾರಬಹುದು. ಲೇಬಲ್ಲು, ಅಂಟು 2–3 ಕೆಜಿ. ಜರಡಿಯಲ್ಲಿ ಬೀಳುವ ಪುಡಿ 3–4 ಕೆಜಿ. ಉಳಿದದ್ದು ಮಣ್ಣು ಮತ್ತು ಬಾಟಲಿಯಲ್ಲಿ ನಿಂತ ನೀರು. ಮುಚ್ಚಳ ಬಿಗಿದ ಬಾಟಲಿಗಳನ್ನು ಹಾಗೇ ತೂಗಿಸಿ ಕೊಂಡರೆ ನೀರಿಗೂ ಪೆಟ್‌ನ ದರವನ್ನೇ ಕೊಟ್ಟಂತೆ. ಅದಕ್ಕೇ ಈಗ ಮುಚ್ಚಳ ತೆಗೆದು ತುಳಿದು ತಂದವರಿಗೆ ಮಾತ್ರ ಪೂರ್ತಿ ದರ. ಸಾಗಣೆಯಲ್ಲೂ ಇದೇ ಉಳಿತಾಯ. ಒಂದು ಘನ ಮೀಟರ್ ಜಂಬೋ ಚೀಲದಲ್ಲಿ ತುಳಿಯದ ಬಾಟಲಿ 20–25 ಕೆಜಿ ಹಿಡಿಯುತ್ತದೆ, ತುಳಿದದ್ದು 50ರ ಮೇಲೆ, ಚೂರಾದರೆ 300ರ ಆಸುಪಾಸು. ತುಳಿಯದೆ ಸಾಗಿಸಿದರೆ ಗಾಳಿಗೆ ಬಾಡಿಗೆ ಕೊಡುತ್ತೀರಿ.

ಹಿಂದೆ ಲೋಡ್ ವಾಪಸ್ ಬರುತ್ತಿದ್ದದ್ದು ಪೆಟ್ ಜೊತೆ ಬೆರೆತು ಬರುವ ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನಿಂದ. ಪೆಟ್ ಕರಗಿಸುವ 260–280 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿವಿಸಿ ಸುಟ್ಟು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಮಾಲಿನ ತುಂಬ ಕಪ್ಪು ಚುಕ್ಕೆ ಬೀಳುತ್ತದೆ, ಪೆಟ್ ಹಳದಿಯಾಗುತ್ತದೆ. ತೇಲುವುದನ್ನೂ ಮುಳುಗುವುದನ್ನೂ ಬೇರ್ಪಡಿಸುವ ನೀರಿನ ತೊಟ್ಟಿ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಪೆಟ್‌ನ ಸಾಂದ್ರತೆ (ನೀರಿನದು 1) 1.38, ಗಟ್ಟಿ ಪಿವಿಸಿಯದೂ ಅಲ್ಲೇ ಸುತ್ತಮುತ್ತ. ಎರಡೂ ಜೊತೆಯಾಗಿ ಮುಳುಗುತ್ತವೆ. ಹಾಗಾಗಿ ಮೇಜಿನ ಮೇಲೇ ಹಿಡಿಯಬೇಕು.

ಬಾಟಲಿ ತಿರುಗಿಸಿ ತಳ ನೋಡಿ. ನಟ್ಟನಡುವೆ ಒಂದು ಚಿಕ್ಕ ಗುಬುಟು ಇದ್ದರೆ ಪೆಟ್. ಅದಿಲ್ಲದೆ ತಳದ ಉದ್ದಕ್ಕೂ ಬೆಸುಗೆ ಹಾಕಿದಂಥ ಗೆರೆ ಇದ್ದು, ಬಾಟಲಿ ಪಾರದರ್ಶಕವಾಗಿದ್ದರೆ ಪಿವಿಸಿ ಎಂದೇ ಎತ್ತಿಡಿ. ಇನ್ನೂ ಅನುಮಾನವಿದ್ದರೆ ಗೋಡೆಯನ್ನು ಮಡಚಿ ಉಗುರಿನಲ್ಲಿ ತೀಡಿ, ಪಿವಿಸಿಯ ಮಡಿಕೆ ಹಾಲಿನಂತೆ ಬೆಳ್ಳಗಾಗುತ್ತದೆ. ಕೊನೆಯ ಪರೀಕ್ಷೆಗೆ ತಾಮ್ರದ ತಂತಿ ಇದೆ. ತಂತಿಯನ್ನು ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್‌ಗೆ ಒತ್ತಿ, ಮತ್ತೆ ಜ್ವಾಲೆಗೆ ಹಿಡಿದರೆ ಪಿವಿಸಿಯಲ್ಲಿರುವ ಕ್ಲೋರಿನ್‌ನಿಂದ ಜ್ವಾಲೆ ಹಸಿರಾಗುತ್ತದೆ. ಇದನ್ನು ಬಯಲಿನಲ್ಲೇ ಮಾಡಬೇಕು, ಹೊಗೆ ಒಳ್ಳೆಯದಲ್ಲ. ತಳದ ಗೆರೆ ನೋಡುವುದು ಅಭ್ಯಾಸವಾದರೆ ಒಂದು ಬಾಟಲಿಗೆ ಒಂದು ಸೆಕೆಂಡೂ ಬೇಡ. ಕೂಲಿ ದುಬಾರಿ ಎಂದವರ ಲೆಕ್ಕ ತಪ್ಪುವುದು ಇಲ್ಲೇ. ಪ್ಲಾಸ್ಟಿಕ್ಕಿನ ಬಗೆ ಹೇಳಲು ತಳದಲ್ಲಿ 1, 2, 5 ಎಂದು ಅಚ್ಚಾದ ಅಂಕಿ ಹುಡುಕುತ್ತಾ ಕೂತರೆ ಮಾತ್ರ ಅವರು ಹೇಳಿದ್ದೇ ನಿಜವಾಗುತ್ತದೆ.

ಮೈತುಂಬ ಬಿಗಿದ ತೋಳಿನಂಥ ಲೇಬಲ್ ಇನ್ನೊಂದು ಕಾಟ. ಅದು ಪಿವಿಸಿಯೂ ಆಗಿರಬಹುದು, ಪೆಟ್-ಜಿಯೂ (ಪೆಟ್‌ನದೇ ಇನ್ನೊಂದು ಬಗೆ) ಆಗಿರಬಹುದು. ಪೆಟ್-ಜಿ ಆದರೆ ಒಣಗಿಸುವಾಗ ಬೇಗ ಮೆತ್ತಗಾಗಿ ಚೂರುಗಳನ್ನು ಉಂಡೆ ಕಟ್ಟಿಸುತ್ತದೆ. ಬ್ಲೇಡಿನಿಂದ ಸೀಳಿ ಕಿತ್ತ ಮೇಲೇ ಗ್ರೈಂಡರ್‌ಗೆ ಹಾಕಿ.

ಗ್ರೈಂಡರ್‌ಗೆ 10–12 ಮಿಮೀ ಜರಡಿ ಸಾಕು. 6 ಮಿಮೀ ಹಾಕಿದಾಗ ಪುಡಿ ಎರಡು ಪಟ್ಟಾಯಿತು, ತೊಳೆಯುವಾಗ ಅಷ್ಟೂ ನೀರಿನ ಜೊತೆ ಹೋಯಿತು. ಅಲಗು ಮೊಂಡಾದರೂ ಹೀಗೇ ಪುಡಿ ಹೆಚ್ಚುತ್ತದೆ.

ಚೂರನ್ನು ಮೊದಲು ತಣ್ಣೀರಿನಲ್ಲಿ ಜೋರಾಗಿ ಕದಡಿ ಮಣ್ಣು, ಕಾಗದ ಬಿಡಿಸಬೇಕು. ನೇರ ಬಿಸಿನೀರಿಗೆ ಹಾಕಿದರೆ ಕಾಗದದ ಲೇಬಲ್ ಗಂಜಿಯಾಗಿ ಪ್ರತಿ ಚೂರಿಗೂ ಮೆತ್ತಿಕೊಳ್ಳುತ್ತದೆ. ಆಮೇಲೆ ಬಿಸಿ ತೊಟ್ಟಿ. 100 ಲೀಟರ್ ನೀರಿಗೆ 2 ಕೆಜಿ ಕಾಸ್ಟಿಕ್ ಸೋಡಾ, 80–85 ಡಿಗ್ರಿ, 15–20 ನಿಮಿಷ. ಕಾಸ್ಟಿಕ್ಕನ್ನು ತಣ್ಣೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸಿ, ಆಮೇಲೆ ಕಾಯಿಸಿ. ಅದರ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. 70 ಡಿಗ್ರಿಯಲ್ಲಿ ಅಂಟು ಮೆತ್ತಗಾಗುತ್ತದೆಯೇ ಹೊರತು ಬಿಡುವುದಿಲ್ಲ, ಸೌದೆ ಉಳಿಸಲು ಹೋಗಿ ಇದನ್ನು ಕಲಿತೆ. ಅರ್ಧ ಗಂಟೆ ಮೀರಿದರೆ ಚೂರಿನ ಹೊಳಪು ಮಾಸುತ್ತದೆ. ಕಾಸ್ಟಿಕ್ ಜೊತೆಗೆ ನಾನು ಹಾಕುವ ಇನ್ನೊಂದು ವಸ್ತು, ಅದರ ಅಳತೆ, ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಅದು ಸಿಕ್ಕುವುದಕ್ಕೆ ಎಂಟು ತಿಂಗಳು ಹಿಡಿಯಿತು. ಕೊನೆಗೆ ಎರಡು ಸಲ ಜಾಲಿಸಿ, ಸೋರುವ ನೀರಿಗೆ ಪಿಎಚ್ ಕಾಗದ ಅದ್ದಿ ನೋಡಿ, 7ರ ಹತ್ತಿರ ಇರಬೇಕು. ಕಾಸ್ಟಿಕ್ ಉಳಿದರೆ ಕಾಯಿಸಿದಾಗ ಚೂರು ಹಳದಿಯಾಗುತ್ತದೆ.

ತೇಲಿಸುವ ತೊಟ್ಟಿಯಲ್ಲಿ ಮುಚ್ಚಳ ತೇಲಿ ಪೆಟ್ ಮುಳುಗಬೇಕು. ಆದರೆ ಚೂರಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಪೆಟ್ ಕೂಡ ತೇಲುತ್ತದೆ. ಮೊದಮೊದಲು ಮುಚ್ಚಳದ ರಾಶಿಯಲ್ಲಿ ಐದರಲ್ಲಿ ಒಂದು ಪಾಲು ಪೆಟ್ ಹೋಗುತ್ತಿತ್ತು. ಚೂರನ್ನು ಮೇಲಿಂದ ಸುರಿಯದೆ ನೀರಿನೊಳಗೆ ಅದ್ದಿ ಬಿಡಬೇಕು, ನಿಧಾನ ಕಲಕಬೇಕು, ಸೋಪು ಹನಿಯಷ್ಟೇ ಇರಬೇಕು. ನೊರೆ ಎದ್ದರೆ ಅದೇ ಪೆಟ್ ಚೂರನ್ನು ಹೊತ್ತುಕೊಂಡು ತಿರುಗುತ್ತದೆ.

ಮುಚ್ಚಳಗಳಲ್ಲಿ ಎಚ್‌ಡಿಪಿಇ ಮತ್ತು ಪಿಪಿ ಎಂಬ ಎರಡು ಬಗೆಯ ಪ್ಲಾಸ್ಟಿಕ್ ಇರುತ್ತವೆ, ಎರಡೂ ನೀರಿನಲ್ಲಿ ತೇಲುತ್ತವೆ. ನೀರು ಮತ್ತು ಆಲ್ಕೋಹಾಲ್ ಬೆರೆಸಿ ಸಾಂದ್ರತೆಯನ್ನು 0.93ಕ್ಕೆ ತಂದರೆ ಎಚ್‌ಡಿಪಿಇ ಮುಳುಗಿ ಪಿಪಿ ತೇಲುತ್ತದೆ. ನೋಡಲು ಬಲು ಚೆನ್ನ. ತೊಟ್ಟಿಯಲ್ಲಿ ಮಾಡಿದರೆ ಬೆಂಕಿಯ ಭಯ, ಖರ್ಚೂ ಏಳುವುದಿಲ್ಲ. ಒಂದು ಜಾಡಿಯಲ್ಲಿ ಇಟ್ಟುಕೊಂಡು ಮುಚ್ಚಳದ ಮಾದರಿ ನೋಡಲು ಬಳಸುತ್ತೇನೆ.

ಇನ್ನು ಗಾಜು. ಒಡೆಯದ ಬಾಟಲಿಗೇ ಮೊದಲ ಬೆಲೆ, ಚೂರಿಗೆ ಅದರ ಸಣ್ಣ ಪಾಲು. ಮತ್ತೆ ತುಂಬಿಸಲು ಹೋಗುವ ಬಾಟಲಿಯ ಬಾಯಂಚಿನ ಸುತ್ತ ಬೆಳಕು ಹಿಡಿದು ನೋಡಿ, ಚಕ್ಕೆ ಎದ್ದದ್ದನ್ನು ಚೂರಿನ ಡ್ರಮ್ಮಿಗೆ ಹಾಕಿ. ತೊಳೆಯುವಾಗ ತಣ್ಣನೆಯ ಬಾಟಲಿಯನ್ನು ನೇರ ಬಿಸಿ ಕಾಸ್ಟಿಕ್‌ಗೆ ಅದ್ದಬಾರದು. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ 30 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ, ಹೊರಗೆ ತರುವಾಗಲೂ ಅಷ್ಟೇ. ಈ ಒಂದು ತಪ್ಪಿಗೆ ಒಂದೇ ದಿನ ನೂರಕ್ಕೂ ಹೆಚ್ಚು ಬಾಟಲಿಯ ತಳ ಕಳಚಿ ಬಿತ್ತು.

ಒಡೆಯುವ ಮೊದಲೇ ಬಣ್ಣ ಬೇರೆ ಮಾಡಬೇಕು: ಬಿಳಿ, ಕಂದು, ಹಸಿರು. ಒಡೆದ ಮೇಲೆ ಆರಿಸುವುದು ಕೈಯಿಂದ ಆಗದ ಕೆಲಸ, ಬಿಳಿಯಲ್ಲಿ ಹಸಿರು ಬಿದ್ದರೆ ಬಿಳಿಯ ದರ ಹೋಯಿತು. 200 ಲೀಟರ್ ಡ್ರಮ್ಮಿನಲ್ಲಿ ಇಡೀ ಬಾಟಲಿ 60–70 ಕೆಜಿ ಹಿಡಿದರೆ ಒಡೆದದ್ದು 240ರ ತನಕ ಹಿಡಿಯುತ್ತದೆ. ಪಿಂಗಾಣಿ, ಕಲ್ಲು, ಒಲೆಯ ಮೇಲಿಡುವ ಶಾಖ ತಡೆಯುವ ಗಾಜು ಇವು ಕುಲುಮೆಯಲ್ಲಿ ಕರಗದೆ ಹೊಸ ಬಾಟಲಿಯಲ್ಲಿ ಗಂಟಾಗಿ ಉಳಿಯುತ್ತವೆ. ಅಲ್ಯೂಮಿನಿಯಂ ಮುಚ್ಚಳ ಅದಕ್ಕಿಂತ ಕೆಟ್ಟದ್ದು. ಅದು ಗಾಜಿನ ಸಿಲಿಕಾದೊಂದಿಗೆ ವರ್ತಿಸಿ ಸಿಲಿಕಾನ್ ಮಣಿಗಳನ್ನು ಉಂಟುಮಾಡುತ್ತದೆ, ಬಾಟಲಿ ಅಲ್ಲಿಂದಲೇ ಸೀಳುತ್ತದೆ. ಆಯಸ್ಕಾಂತ ಕಬ್ಬಿಣದ ಮುಚ್ಚಳವನ್ನಷ್ಟೇ ಎಳೆಯುತ್ತದೆ. ಆದ್ದರಿಂದ ಅಲ್ಯೂಮಿನಿಯಂ ಉಂಗುರವನ್ನು ಬಾಟಲಿ ಇಡಿಯಾಗಿರುವಾಗಲೇ ಇಕ್ಕಳದಲ್ಲಿ ಕತ್ತರಿಸಿ ತೆಗೆಯಬೇಕು. ಒಡೆಯುವಾಗ ಡ್ರಮ್ಮಿನ ಮೇಲೆ ಮುಚ್ಚಳ ಇರಲಿ, ಚೂರು ಸ್ವಲ್ಪ ಒದ್ದೆ ಇರಲಿ, ಧೂಳು ಏಳುವುದಿಲ್ಲ. ಕನ್ನಡಕ, ಮಾಸ್ಕು, ಕೊಯ್ಯದ ಕೈಗವಸು ಇಲ್ಲದೆ ಯಾರನ್ನೂ ಅಲ್ಲಿ ನಿಲ್ಲಿಸಬೇಡಿ.

ಬಣ್ಣ ಬೆರೆತು ಮಾರಾಟವಾಗದ ಚೂರನ್ನು ಮರಳಿನ ಬದಲು ಸಿಮೆಂಟಿಗೆ ಬೆರೆಸಿ ಬಿಲ್ಲೆ ಎರೆದೆ. ಮೂರು ತಿಂಗಳು ಸೊಗಸಾಗಿದ್ದವು, ಆಮೇಲೆ ಮೈಯೆಲ್ಲ ಜೇಡರಬಲೆಯಂಥ ಬಿರುಕು. ಸಿಮೆಂಟಿನ ಕ್ಷಾರ ಗಾಜಿನ ಸಿಲಿಕಾ ಜೊತೆ ಸೇರಿ ಲೋಳೆಯಾಗುತ್ತದೆ, ಅದು ನೀರು ಹೀರಿ ಉಬ್ಬುತ್ತದೆ. ಅದೇ ಗಾಜನ್ನು 75 ಮೈಕ್ರಾನ್‌ಗಿಂತ ನುಣ್ಣಗೆ ಅರೆದರೆ ಉಬ್ಬುವ ಬದಲು ಸಿಮೆಂಟಿನ ಕೆಲಸಕ್ಕೇ ನೆರವಾಗುತ್ತದೆ. ಸಿಮೆಂಟಿನ ಐದನೇ ಒಂದು ಪಾಲು ತೆಗೆದು ಆ ಪುಡಿ ಹಾಕಿದ ಹನ್ನೆರಡು ಬಿಲ್ಲೆ ಈಗ ನೀರಿನ ತೊಟ್ಟಿಯಲ್ಲಿವೆ. ಐದು ತಿಂಗಳಾಯಿತು, ಇದುವರೆಗೆ ಒಂದರಲ್ಲೂ ಕೂದಲೆಳೆಯಷ್ಟು ಬಿರುಕಿಲ್ಲ.