ಬ್ಲಾಗ್ ಮನೆಯಲ್ಲೇ ಇರಲಿ, ಕರೆಯೋಲೆ ಊರೆಲ್ಲ ಸುತ್ತಲಿ

ಹೋದ ಮಳೆಗಾಲದಲ್ಲಿ ನನ್ನ ಬ್ಲಾಗಿನಲ್ಲಿ ಪತ್ರೊಡೆ ಬಗ್ಗೆ ಬರೆದೆ. ಕೆಸುವಿನ ಎಲೆ ಆರಿಸುವುದರಿಂದ ಹಿಡಿದು ಹಬೆಯಲ್ಲಿ ಬೇಯಿಸುವವರೆಗೆ ಫೋಟೊ ತೆಗೆದು, ಎರಡು ಸಂಜೆ ಕೂತು ಬರೆದದ್ದು. ಲಿಂಕನ್ನು ಮನೆಮಂದಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಐದು ನಿಮಿಷಕ್ಕೆ ಅತ್ತೆಯ ಫೋನು. "ಏನೇ ಇದು, ಪತ್ರೊಡೆ ಅಂತ ಬರ್ದು ನಿನ್ನ ಮುಖ ಹಾಕಿದೀಯಲ್ಲ?"

ನೋಡಿದರೆ ನಿಜ. ಲಿಂಕಿನ ಜೊತೆ ಮೂಡುವ ಪುಟ್ಟ ಪೆಟ್ಟಿಗೆಯಲ್ಲಿ, ಬ್ಲಾಗಿನ ಪಕ್ಕದ ಪಟ್ಟಿಯಲ್ಲಿದ್ದ ನನ್ನ ಫೋಟೊ ಕೂತಿತ್ತು. ಬರಹದ ಹೆಸರು ಇರಬೇಕಾದ ಜಾಗದಲ್ಲಿ ಬ್ಲಾಗಿನ ಹೆಸರು. ವಿಳಾಸವೋ, ನಾಲ್ಕು ಗೆರೆ ಉದ್ದದ ಪರ್ಸೆಂಟ್ ಗುರುತುಗಳ ಸಾಲು. ಅದನ್ನು ಯಾರು ಒತ್ತುತ್ತಾರೆ? ಬೇರೆಯವರು ಕಳಿಸಿದ್ದರೆ ವೈರಸ್ ಇರಬಹುದು ಅಂತ ನಾನೂ ಬಿಟ್ಟುಬಿಡುತ್ತಿದ್ದೆ.

ಬ್ಲಾಗನ್ನು ಸೋಷಿಯಲ್ ಮೀಡಿಯಾಕ್ಕೆ ಜೋಡಿಸುವುದು ಅಂದ ಕೂಡಲೇ ಎಲ್ಲರೂ ಕೇಳುವುದು, "ತಾನಾಗೇ ಪೋಸ್ಟ್ ಆಗೋ ಹಾಗೆ ಮಾಡೋದು ಹೇಗೆ?" ಅದು ಮೂರನೇ ಕೆಲಸ. ವಿಳಾಸ ಮತ್ತು ಆ ಪುಟ್ಟ ಪೆಟ್ಟಿಗೆ ಸರಿಯಿಲ್ಲದೆ ತಾನಾಗೇ ಹೋಗುವ ಏರ್ಪಾಡು ಮಾಡಿದರೆ, ಕೆಟ್ಟ ಲಿಂಕು ಒಂದರ ಬದಲು ಆರು ಕಡೆ ಹೋಗುತ್ತದೆ ಅಷ್ಟೇ.

ಅದಕ್ಕೂ ಮೊದಲು ಒಂದು ಮಾತು. ಬರಹ ಮೊದಲು ಬ್ಲಾಗಿಗೆ, ಆಮೇಲೆ ಉಳಿದ ಕಡೆಗೆ. ಈ ಕ್ರಮ ತಪ್ಪಿಸಬೇಡಿ. ಕೆಲವು ವರ್ಷ ನಾನು ಉಲ್ಟಾ ಮಾಡುತ್ತಿದ್ದೆ. ಒಂದು ಜಾಲತಾಣದಲ್ಲಿ ನೇರವಾಗಿ ಬರೆದು, ಪುರುಸೊತ್ತಾದಾಗ ಬ್ಲಾಗಿಗೆ ನಕಲು ಮಾಡುತ್ತಿದ್ದೆ. ಒಂದು ದಿನ ಖಾತೆ ಲಾಕ್ ಆಯಿತು. ಕಾರಣ ಹೇಳಲಿಲ್ಲ, ಅರ್ಜಿಗೆ ಉತ್ತರ ಬರಲಿಲ್ಲ. ನಕಲು ಮಾಡಿಟ್ಟಿದ್ದ ಹದಿನೇಳು ಬರಹ ಉಳಿದವು, ಮಿಕ್ಕದ್ದು ಹೋಯಿತು. ಖಾತೆಯ ಮಾತು ಬಿಡಿ, ಜಾಲತಾಣವೇ ಮುಚ್ಚಿಹೋಗುವುದೂ ಉಂಟು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತಲ್ಲ, ಅಲ್ಲಿ ಬರೆದದ್ದೆಲ್ಲ ಎಲ್ಲಿದೆ ಈಗ?

ಮೊದಲು ವಿಳಾಸ

ಬರಹದ ಶೀರ್ಷಿಕೆಯೇ ಅದರ ವಿಳಾಸದೊಳಗೂ ಸೇರುವುದರಿಂದ, ಕನ್ನಡದಲ್ಲಿ ಬರೆಯುವವರಿಗೆ ಇದು ವಿಶೇಷ ತಲೆನೋವು. 'ಪತ್ರೊಡೆ' ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ: ಪ, ತ, ಅರ್ಧಾಕ್ಷರದ ಗುರುತು, ರ, ಒತ್ವ, ಡ, ಎತ್ವ. ವಿಳಾಸದಲ್ಲಿ ಬರುವಾಗ ಒಂದೊಂದು ಸಂಕೇತವೂ ಒಂಬತ್ತು ಗುರುತುಗಳಾಗಿ ಒಡೆಯುತ್ತದೆ. ಏಳೊಂಬತ್ಲಿ ಅರವತ್ತಮೂರು. ಒಂದೇ ಪದಕ್ಕೆ 63! ಐದಾರು ಪದದ ಶೀರ್ಷಿಕೆ ಇಟ್ಟರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಬ್ಲಾಗ್ ನಡೆಸಲು ಬಳಸುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ, ವಿಳಾಸದೊಳಗೆ ಶೀರ್ಷಿಕೆ ಬರುವ ಭಾಗಕ್ಕೆ 200 ಗುರುತುಗಳ ಮಿತಿ ಇದೆ. ಅಂದರೆ ಕನ್ನಡದ 22 ಸಂಕೇತ ಆದಮೇಲೆ ಶೀರ್ಷಿಕೆ ಕತ್ತರಿಸಿಹೋಗುತ್ತದೆ. ಗೂಗಲ್‌ನ ಬ್ಲಾಗ್ ಸೇವೆ ಬ್ಲಾಗರ್‌ನ ರೀತಿ ಬೇರೆ. ಅದು ಕನ್ನಡವನ್ನು ಪೂರ್ತಿ ಬಿಟ್ಟುಬಿಟ್ಟು, 'ಬ್ಲಾಗ್ ಪೋಸ್ಟ್' ಅಂತ ಇಂಗ್ಲಿಷಿನಲ್ಲಿ ಬರೆದು ಮುಂದೆ ಒಂದು ನಂಬರ್ ಹಾಕುತ್ತದೆ. ಕನ್ನಡದ ಎಷ್ಟೋ ಹಳೇ ಬ್ಲಾಗುಗಳ ವಿಳಾಸ ಹೀಗೇ ಇವೆ, ಆಸ್ಪತ್ರೆಯ ಟೋಕನ್ ಥರ.

ಪರಿಹಾರ ಸುಲಭ. ಪಬ್ಲಿಷ್ ಒತ್ತುವ ಮುಂಚೆ ಬಲಗಡೆಯ ಪಟ್ಟಿ ನೋಡಿ. ಬ್ಲಾಗರ್‌ನಲ್ಲಿ 'ಪರ್ಮಾಲಿಂಕ್', ಅದರಲ್ಲಿ 'ಕಸ್ಟಮ್'. ವರ್ಡ್‌ಪ್ರೆಸ್‌ನಲ್ಲಿ 'ಸ್ಲಗ್'. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದ ಟೈಪ್ ಮಾಡಿ, ನಡುವೆ ಅಡ್ಡಗೆರೆ ಇರಲಿ. ಕನ್ನಡಕ್ಕೆ ಇದು ಮೋಸ ಅಲ್ವಾ ಅಂತ ನನಗೂ ಅನಿಸಿತ್ತು. ಆದರೆ ಶೀರ್ಷಿಕೆ ಕನ್ನಡದಲ್ಲೇ ಇರುತ್ತದೆ, ಓದುವವರ ಕಣ್ಣಿಗೆ ಬೀಳುವುದೂ ಅದೇ. ಈಗಾಗಲೇ ಪ್ರಕಟವಾಗಿರುವ ಬರಹಗಳ ವಿಳಾಸ ಮಾತ್ರ ಸುಮ್ನೆ ಮುಟ್ಟಬೇಡಿ. ಯಾರೋ ಎಲ್ಲೋ ಕೊಟ್ಟ ಲಿಂಕು ಮುರಿದುಹೋಗಬಹುದು.

ಲಿಂಕಿಗೊಂದು ಮುಖ

ಈಗ ಆ ಪುಟ್ಟ ಪೆಟ್ಟಿಗೆಗೆ ಬರೋಣ. ಇದಕ್ಕೆ ಪ್ರಿವ್ಯೂ ಅನ್ನುತ್ತಾರೆ. ಅದರಲ್ಲಿ ಯಾವ ಚಿತ್ರ, ಯಾವ ಸಾಲು ಬರಬೇಕು ಅಂತ ಹೇಳುವುದು ನಿಮ್ಮ ಪುಟದ ಒಳಗೆ, ಕಣ್ಣಿಗೆ ಕಾಣದ ಜಾಗದಲ್ಲಿರುವ ನಾಲ್ಕೈದು ಸಾಲು. ಫೇಸ್‌ಬುಕ್ 2010ರಲ್ಲಿ ತಂದ ಏರ್ಪಾಡು, ಹೆಸರು ಓಪನ್ ಗ್ರಾಫ್. ಈಗ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಲಿಂಕ್ಡ್‌ಇನ್ ಎಲ್ಲವೂ ಇದನ್ನೇ ಓದುತ್ತವೆ. ಆ ಸಾಲುಗಳು ಇಲ್ಲದಿದ್ದರೆ ಪುಟದಲ್ಲಿ ಕಣ್ಣಿಗೆ ಬಿದ್ದ ಯಾವುದೋ ಚಿತ್ರ ಎತ್ತಿಕೊಳ್ಳುತ್ತವೆ. ನನ್ನ ಮುಖ ಪತ್ರೊಡೆ ಆದದ್ದು ಹೀಗೆ.

ಬ್ಲಾಗರ್ ಇಟ್ಟುಕೊಂಡವರು ಸೆಟ್ಟಿಂಗ್ಸ್‌ನಲ್ಲಿ 'ಮೆಟಾ ಟ್ಯಾಗ್ಸ್' ಹುಡುಕಿ, 'ಸರ್ಚ್ ಡಿಸ್ಕ್ರಿಪ್ಷನ್' ಆನ್ ಮಾಡಿ. ಆಮೇಲೆ ಪ್ರತಿ ಬರಹದ ಬಲಗಡೆ ಒಂದು ಖಾಲಿ ಜಾಗ ಬರುತ್ತದೆ, ಅಲ್ಲಿ ಒಂದೆರಡು ಸಾಲು ಬರೆಯಿರಿ. ಚಿತ್ರವನ್ನು ಅದು ಬರಹದ ಮೊದಲ ಫೋಟೊದಿಂದ ತೆಗೆದುಕೊಳ್ಳುತ್ತದೆ. ಹಾಗಾಗಿ ಮೊದಲ ಫೋಟೊ ಒಳ್ಳೇದಿರಲಿ, ಬಾಡಿದ ಎಲೆಯದು ಬೇಡ. ಸ್ವಂತ ಜಾಗದಲ್ಲಿ (ತಾವೇ ತೆಗೆದುಕೊಂಡ ಸರ್ವರಿನಲ್ಲಿ) ವರ್ಡ್‌ಪ್ರೆಸ್ ಹಾಕಿಕೊಂಡವರಿಗೆ ಈ ಸಾಲುಗಳು ತಾವಾಗಿ ಬರುವುದಿಲ್ಲ. ಜೆಟ್‌ಪ್ಯಾಕ್ ಅಥವಾ ಯೋಸ್ಟ್‌ನಂಥ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಬೇಕು. ನಾನು ಇದೊಂದನ್ನು ಹಾಕದೆ ಎರಡು ವರ್ಷ ಕಳೆದಿದ್ದೆ.

ಚಿತ್ರದ ಅಳತೆ 1200 ಅಗಲ, 630 ಎತ್ತರ, ಪಿಕ್ಸೆಲ್ ಲೆಕ್ಕದಲ್ಲಿ. ಫೈಲು ದಪ್ಪ ಆದರೆ ವಾಟ್ಸ್‌ಆ್ಯಪ್ ಚಿತ್ರವನ್ನೇ ತೋರಿಸದೆ ಬಿಡುತ್ತದೆ. ನಾನು 300 ಕೆಬಿ ದಾಟಲು ಬಿಡುವುದಿಲ್ಲ.

ಚಿತ್ರದ ಮೇಲೆ ಕನ್ನಡದಲ್ಲಿ ಶೀರ್ಷಿಕೆ ಬರೆಯಬೇಕೇ? ಬರೆದರೆ ಒಳ್ಳೆಯದು. 2023ರ ಅಕ್ಟೋಬರ್‌ನಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಲಿಂಕಿನ ಪೆಟ್ಟಿಗೆಯಿಂದ ಶೀರ್ಷಿಕೆಯನ್ನೇ ಕಿತ್ತುಹಾಕಿತ್ತು. ಬರೀ ಚಿತ್ರ ಕಾಣುತ್ತಿತ್ತು. ಆಮೇಲೆ ಸಣ್ಣದಾಗಿ ವಾಪಸ್ ತಂದರು, ಆದರೆ ಅವರು ಮತ್ತೆ ಯಾವಾಗ ತೆಗೆಯುತ್ತಾರೋ ಗೊತ್ತಿಲ್ಲ. ಫಾಂಟ್‌ಗೆ ಬಲೂ ತಮ್ಮ ನೋಡಿ, ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಗುಂಡುಗುಂಡಾಗಿ ಚೆನ್ನಾಗಿದೆ. ಫೋಟೊಶಾಪ್ ಬಳಸುವವರು ಒತ್ತಕ್ಷರದ ಮೇಲೆ ಕಣ್ಣಿಡಿ. ಸೆಟ್ಟಿಂಗ್ ಸರಿಯಿಲ್ಲದಿದ್ದರೆ 'ಪತ್ರೊಡೆ' ಹೋಗಿ 'ಪತ್‌ರೊಡೆ' ಆಗುತ್ತದೆ. ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ 'ವರ್ಲ್ಡ್ ರೆಡಿ' ಅಂತ ಇರುವುದನ್ನು ಆರಿಸಿದರೆ ಸರಿಹೋಗುತ್ತದೆ. ಇನ್ನು ಹಳೇ 'ನುಡಿ', 'ಬರಹ' ತಂತ್ರಾಂಶಗಳ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿದ ಲೇಖನ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲವಾದರೆ ಪ್ರಿವ್ಯೂನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ಎಲ್ಲ ಸರಿಮಾಡಿದಿರಿ, ಆದರೂ ಫೇಸ್‌ಬುಕ್ ಹಳೇ ಚಿತ್ರವನ್ನೇ ತೋರಿಸುತ್ತಿದೆ. ಗಾಬರಿ ಬೇಡ. ಅದು ಒಮ್ಮೆ ನೋಡಿದ್ದನ್ನು ನೆನಪಿಟ್ಟುಕೊಂಡಿರುತ್ತದೆ. ಫೇಸ್‌ಬುಕ್‌ನ 'ಶೇರಿಂಗ್ ಡಿಬಗರ್' ಅಂತ ಹುಡುಕಿ, ಅಲ್ಲಿ ಲಿಂಕ್ ಹಾಕಿ, 'ಸ್ಕ್ರೇಪ್ ಅಗೇನ್' ಒತ್ತಿ. ಲಿಂಕ್ಡ್‌ಇನ್‌ಗೆ 'ಪೋಸ್ಟ್ ಇನ್‌ಸ್ಪೆಕ್ಟರ್', ಟೆಲಿಗ್ರಾಂಗೆ 'ವೆಬ್‌ಪೇಜ್ ಬಾಟ್' ಇದೆ. ವಾಟ್ಸ್‌ಆ್ಯಪ್ ಹಠ ಹಿಡಿದರೆ ಲಿಂಕಿನ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕ ಒಂದು ಅಂಕಿ ಸೇರಿಸಿ ಕಳಿಸಿ. ಪುಟ ಅದೇ ತೆರೆಯುತ್ತದೆ, ವಾಟ್ಸ್‌ಆ್ಯಪ್ ಮಾತ್ರ ಹೊಸ ಲಿಂಕು ಅಂದುಕೊಳ್ಳುತ್ತದೆ. ಇನ್ನೊಂದು ವಿಷಯ. ವಾಟ್ಸ್‌ಆ್ಯಪ್ ಪ್ರಿವ್ಯೂ ತಯಾರಾಗುವುದು ಕಳಿಸುವವರ ಫೋನಿನಲ್ಲಿ. ಲಿಂಕ್ ಅಂಟಿಸಿದ ತಕ್ಷಣ ಬಾಣದ ಗುರುತು ಒತ್ತಬೇಡಿ. ಪೆಟ್ಟಿಗೆ ಮೂಡುವವರೆಗೆ ಎರಡು ಉಸಿರಿನಷ್ಟು ಕಾಯಿರಿ.

ತಾನಾಗೇ ಎಷ್ಟು, ಕೈಯಾರೆ ಎಷ್ಟು

ತಾನಾಗೇ ಹೋಗುವ ವ್ಯವಸ್ಥೆಯ ಬೇರು ಇರುವುದು ಫೀಡ್‌ನಲ್ಲಿ. ಹೊಸ ಬರಹ ಬಂದಿದೆ ಅಂತ ಬೇರೆ ತಂತ್ರಾಂಶಗಳಿಗೆ ತಿಳಿಸುವ ಪಟ್ಟಿ ಅದು. ಬಹುತೇಕ ಎಲ್ಲ ಬ್ಲಾಗಿಗೂ ಇರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಬ್ಲಾಗ್ ವಿಳಾಸದ ಕೊನೆಗೆ ಓರೆಗೆರೆ (/) ಹಾಕಿ 'ಫೀಡ್' ಅಂತ ಇಂಗ್ಲಿಷಿನಲ್ಲಿ ಸೇರಿಸಿದರೆ ಸಿಗುತ್ತದೆ. ಬ್ಲಾಗರ್‌ನಲ್ಲಿ 'ಫೀಡ್ಸ್', 'ಪೋಸ್ಟ್ಸ್', 'ಡಿಫಾಲ್ಟ್' ಮೂರನ್ನೂ ಓರೆಗೆರೆ ಹಾಕಿ ಸಾಲಾಗಿ ಬರೆಯಬೇಕು. ಈ ವಿಳಾಸವನ್ನು ಇಫ್ಟ್‌ನಂಥ (IFTTT) ಸೇವೆಗೆ ಕೊಟ್ಟು, 'ಇಲ್ಲಿ ಹೊಸದು ಬಂದರೆ ಅಲ್ಲಿ ಹಾಕು' ಅಂತ ಹೇಳಿಡಬಹುದು. ಪುಕ್ಕಟೆ ಖಾತೆಯಲ್ಲಿ ಇಂಥ ಜೋಡಣೆ ಒಂದೆರಡಕ್ಕಷ್ಟೇ ಅವಕಾಶ. ನಾನು ಅದನ್ನು ಟೆಲಿಗ್ರಾಂ ಚಾನೆಲ್‌ಗೆ ಇಟ್ಟುಕೊಂಡಿದ್ದೇನೆ. ವರ್ಡ್‌ಪ್ರೆಸ್‌ನವರಿಗೆ ಜೆಟ್‌ಪ್ಯಾಕ್ ಸೋಷಿಯಲ್ ಇದೆ. ಫೇಸ್‌ಬುಕ್ ಪೇಜ್, ಲಿಂಕ್ಡ್‌ಇನ್, ಮ್ಯಾಸ್ಟಡಾನ್ (ಟ್ವಿಟರ್‌ನಂಥದೇ ಒಂದು ಜಾಲತಾಣ) ಮೊದಲಾದವಕ್ಕೆ ಪಬ್ಲಿಷ್ ಒತ್ತಿದ ಕೂಡಲೇ ಕಳಿಸುತ್ತದೆ.

ಹಳೇ ಲೇಖನಗಳನ್ನು ಓದಿ ಮೋಸಹೋಗಬೇಡಿ. ಬ್ಲಾಗಿನಿಂದ ಸ್ವಂತ ಫೇಸ್‌ಬುಕ್ ಪ್ರೊಫೈಲಿಗೆ ತಾನಾಗೇ ಪೋಸ್ಟ್ ಆಗುವುದು 2018ರ ಆಗಸ್ಟ್‌ನಲ್ಲೇ ನಿಂತಿತು. ಈಗ ಪೇಜ್‌ಗೆ ಮಾತ್ರ ಹೋಗುತ್ತದೆ. ಟ್ವಿಟರ್ 2023ರಲ್ಲಿ ಹೊರಗಿನ ತಂತ್ರಾಂಶಗಳಿಗೆ ದುಬಾರಿ ದರ ಇಟ್ಟ ಮೇಲೆ ಜೆಟ್‌ಪ್ಯಾಕ್ ಅದನ್ನು ಕೈಬಿಟ್ಟಿತು. ಹೊಸ ಬರಹವನ್ನು ಓದುಗರಿಗೆ ಕಳಿಸುತ್ತಿದ್ದ ಗೂಗಲ್ ಫೀಡ್‌ಬರ್ನರ್‌ನ ಈಮೇಲ್ ಸೇವೆ 2021ರಲ್ಲಿ ನಿಂತಿದೆ. ನಿಮ್ಮ ಬ್ಲಾಗಿನ ಪಕ್ಕದಲ್ಲಿ ಆ ಈಮೇಲ್ ಡಬ್ಬಿ ಇನ್ನೂ ಇದ್ದರೆ ತೆಗೆದುಬಿಡಿ ಪಾಪ, ಯಾರಾದರೂ ವಿಳಾಸ ಕೊಟ್ಟು ಕಾಯುತ್ತಿರುತ್ತಾರೆ.

ಯಾವ ಸೇವೆಗೂ ನಿಮ್ಮ ಪಾಸ್‌ವರ್ಡ್ ಟೈಪ್ ಮಾಡಿ ಕೊಡಬೇಡಿ. ಸರಿಯಾದ ಸೇವೆ ನಿಮ್ಮನ್ನು ಫೇಸ್‌ಬುಕ್‌ನದೇ ಪುಟಕ್ಕೆ ಕರೆದೊಯ್ದು ಅನುಮತಿ ಕೇಳುತ್ತದೆ.

ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದು ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು. 'ಆ್ಯಕ್ಟಿವಿಟಿಪಬ್' ಪ್ಲಗಿನ್ ಹಾಕಿದರೆ ಬ್ಲಾಗೇ ಒಂದು ಖಾತೆ ಆಗುತ್ತದೆ. ಮ್ಯಾಸ್ಟಡಾನ್‌ನಲ್ಲಿರುವವರು ಅದನ್ನು ನೇರವಾಗಿ ಫಾಲೋ ಮಾಡಬಹುದು. ಅಲ್ಲಿ ಅವರು ಕೊಟ್ಟ ಉತ್ತರ ಇಲ್ಲಿ ಬ್ಲಾಗಿನ ಕಾಮೆಂಟ್ ಆಗಿ ಬಂದು ಬೀಳುತ್ತದೆ. ನನ್ನ ಬಳಗದವರು ಅಲ್ಲಿ ಕಡಿಮೆ, ಅದೊಂದೇ ಬೇಜಾರು.

ಒಂದೊಂದು ಕಡೆಗೆ ಒಂದೊಂದು ಮಾತು

ಒಂದೇ ಸಾಲನ್ನು ಎಲ್ಲ ಕಡೆ ಅಂಟಿಸುವುದು ನನಗೆ ಸರಿಬರುವುದಿಲ್ಲ. ಮದುವೆ ಕರೆಯುವಾಗಲೂ ಪಕ್ಕದ ಮನೆಯವರಿಗೆ ಒಂದು ಥರ, ಆಫೀಸಿನವರಿಗೆ ಇನ್ನೊಂದು ಥರ ಹೇಳುತ್ತೇವಲ್ಲ. ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲಿನ ಕಥೆ ಹೇಳಿ, ರುಚಿ ಹತ್ತಿಸಿ ಲಿಂಕ್ ಕೊಡುತ್ತೇನೆ. ಎಕ್ಸ್‌ನಲ್ಲಿ ಪುಕ್ಕಟೆ ಖಾತೆಗೆ 280 ಅಕ್ಷರ. ಅಲ್ಲೂ ಎಣಿಕೆ ಯೂನಿಕೋಡ್ ಸಂಕೇತಗಳದ್ದು. 'ಸ್ತ್ರೀ' ನಮಗೆ ಒಂದಕ್ಷರ, ಎಕ್ಸ್‌ಗೆ ಆರು. ಲಿಂಕ್ ಎಷ್ಟೇ ಉದ್ದವಿದ್ದರೂ 23 ಅಂತಲೇ ಲೆಕ್ಕ, ಹಾಗಾಗಿ ಅದನ್ನು ಚಿಕ್ಕದು ಮಾಡಿಕೊಡುವ ಸೇವೆಗಳ ಹಿಂದೆ ಬೀಳಬೇಡಿ. ಮ್ಯಾಸ್ಟಡಾನ್‌ನಲ್ಲಿ ಸಾಮಾನ್ಯವಾಗಿ 500 ಇರುತ್ತದೆ, ಕನ್ನಡಕ್ಕೆ ಅದೇ ವಾಸಿ. ಕನ್ನಡದಲ್ಲಿ ಹ್ಯಾಷ್‌ಟ್ಯಾಗ್ ಹಾಕಿದಾಗ ಬಣ್ಣ ಎಲ್ಲಿಯವರೆಗೆ ಬಂದಿದೆ ನೋಡಿ. ಅರ್ಧ ಪದಕ್ಕೇ ನಿಂತಿದ್ದರೆ ಬೇರೆ ಪದ ಆರಿಸಿ.

ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಕೆಳಗೆ ಬರೆದ ಲಿಂಕ್ ಒತ್ತಲು ಬರುವುದಿಲ್ಲ. ಬಯೋದಲ್ಲಿ ಬ್ಲಾಗಿನ ಮುಖಪುಟ ಹಾಕಿ, ಹೊಸ ಬರಹಕ್ಕೆ ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ ಅಂಟಿಸಿ. 2021ರಿಂದ ಅದು ಎಲ್ಲರಿಗೂ ಸಿಗುತ್ತದೆ.

ಆದರೆ ನನ್ನ ಓದುಗರು ಜಾಸ್ತಿ ಬರುವುದು ವಾಟ್ಸ್‌ಆ್ಯಪ್‌ನಿಂದ. ಗ್ರೂಪಿಗೆ ಮೇಲಿಂದ ಮೇಲೆ ಲಿಂಕ್ ಹಾಕಿದರೆ ಮ್ಯೂಟ್ ಮಾಡುತ್ತಾರೆ, ಮಾಡಿದ್ದಾರೆ ಕೂಡ. ಭಾರತಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಬಂದ ಚಾನೆಲ್ ಇದಕ್ಕೆ ಒಳ್ಳೆಯದು. ಬೇಕಾದವರು ಬಂದು ಸೇರುತ್ತಾರೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ.

ಮಾತು ವಾಪಸ್ ತರುವುದು

ಬ್ಲಾಗಿನ ಕೆಳಗೆ ಹಂಚುವ ಗುಂಡಿಗಳು ಎರಡು ಮೂರು ಸಾಕು. ಹತ್ತು ಹಾಕಿದರೆ ಪುಟ ನಿಧಾನ ಆಗುತ್ತದೆ, ಯಾರೂ ಒತ್ತುವುದೂ ಇಲ್ಲ.

ಕಷ್ಟದ ಕೆಲಸ ಅಂದರೆ ಕಾಮೆಂಟುಗಳದ್ದು. ಬರಹ ಇಲ್ಲಿ, ಮಾತುಕತೆ ಐದು ಕಡೆ. ಒಂದು ವಾರಕ್ಕೆ ಅದೆಲ್ಲ ಕೆಳಗೆ ಹೋಗಿ ಕಾಣೆಯಾಗುತ್ತದೆ. ಇದಕ್ಕೆ ನನ್ನ ಹತ್ತಿರ ಇರುವುದು ಕೈಕೆಲಸ ಮಾತ್ರ. ಭಾನುವಾರ ಬೆಳಿಗ್ಗೆ ಕೂತು, ಬರಹಕ್ಕೆ ನಿಜವಾಗಿ ಏನಾದರೂ ಸೇರಿಸುವ ಮಾತು ಇದ್ದರೆ ಹೇಳಿದವರನ್ನು ಕೇಳಿ, ಬ್ಲಾಗಿನ ಕೆಳಗೆ ಅವರ ಹೆಸರಿನಲ್ಲಿ ಹಾಕುತ್ತೇನೆ. 'ಸೂಪರ್', 'ವಾವ್' ಅಲ್ಲೇ ಇರಲಿ.

ಪತ್ರೊಡೆಯ ಪ್ರಿವ್ಯೂ ಸರಿಮಾಡಿ ಗ್ರೂಪಿಗೆ ಮತ್ತೆ ಹಾಕಿದೆ. ಈ ಸಲ ಹಬೆಯಾಡುವ ಸುರುಳಿಯ ಫೋಟೊ ಬಂತು, ಹೆಸರೂ ಬಂತು. ಅತ್ತೆ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರು. ಹುಣಸೆಹಣ್ಣು ಕಡಿಮೆ ಹಾಕಿದ್ದೀಯ, ಇಷ್ಟು ಹುಳಿ ಸಾಲದು, ಓದಿ ಮಾಡಿದವರಿಗೆ ಬಾಯಿ ತುರಿಸುತ್ತದೆ, ಅಂತ. ಹಾಕಲಾ ಅಂತ ಕೇಳಿದೆ. "ಹಾಕು, ಆದ್ರೆ ನನ್ನ ಫೋಟೊ ಬೇಡ" ಅಂದರು. ಆ ಬರಹದ ಕೆಳಗೆ ಮೊದಲ ಕಾಮೆಂಟ್ ಈಗ ಅವರದೇ.