ಬೆಳ್ಳಿಯಂತೆ ಹೊಳೆಯುವ ಆ ಕೋವಿ ಮೊದಲಿನಿಂದಲೂ ಹಾಗೆಯೇ ಇತ್ತೇ?

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೋಳ್ದಿಗೆ ಎರಡು ವಾರವಿರುವಾಗ ಕೊಡಗಿನ ವಿರಾಜಪೇಟೆ ಕಡೆಯ ಐನ್‌ಮನೆಯೊಂದರಿಂದ, ಅಂದರೆ ಕುಲದ ಮೂಲಮನೆಯೊಂದರಿಂದ, ಹಳೆಯ ಜೋಡುನಳಿಗೆ ಕೋವಿಯನ್ನು ನೋಡಿ ಹೇಳುವಂತೆ ಕರೆ ಬಂತು. ಅದರ ಆಕ್ಷನ್, ಅಂದರೆ ನಳಿಗೆಗಳನ್ನು ಹಿಡಿಗೆ ಜೋಡಿಸುವ ನಡುವಿನ ಲೋಹದ ಭಾಗ, ಬೆಳ್ಳಿಯಂತೆ ಬೆಳ್ಳಗಿತ್ತು. ಮನೆಗೆ ಬಂದಿದ್ದ ಪರಿಚಿತರೊಬ್ಬರು ಅದು ಅಪರೂಪದ, ಕಾರ್ಖಾನೆಯಲ್ಲೇ ಮಾಡಿದ ಬಿಳಿ ಫಿನಿಶ್ ಎಂದು ಹೇಳಿ ಹೋಗಿದ್ದರಿಂದ, ಹಬ್ಬಕ್ಕೆ ಮೊದಲು ಅದನ್ನು ಇನ್ನಷ್ಟು ಉಜ್ಜಿ ಹೊಳಪಿಸಬೇಕೆಂದು ಮನೆಯವರು ಅಂದುಕೊಂಡಿದ್ದರು. ನಾನು ಹೋಗುವವರೆಗೆ ಕೋವಿಯನ್ನು ಮುಟ್ಟಬೇಡಿರೆಂದು ಕೇಳಿಕೊಂಡೆ. ಹದಿನೆಂಟರ ಹರೆಯದಲ್ಲಿ ನಮ್ಮ ಮನೆಯ ಕೋವಿಯನ್ನು ಎಮರಿ ಕಾಗದದಿಂದ ತಿಕ್ಕಿ, ಮರಳಿ ಬಾರದ ಬಣ್ಣವನ್ನು ಒಂದೇ ಮಧ್ಯಾಹ್ನದಲ್ಲಿ ಅಳಿಸಿದವನು ನಾನು. ಆ ನೋವು ಇನ್ನೂ ಉಳಿದಿದೆ.

ಕೋವಿಯನ್ನು ಮಡಚಿ ಎರಡೂ ನಳಿಗೆ ಖಾಲಿಯಿರುವುದನ್ನು ಕಣ್ಣಾರೆ ನೋಡಿಕೊಂಡ ಮೇಲೆ ನಾನು ಮೊದಲು ಹುಡುಕುವುದು ಬಣ್ಣವನ್ನಲ್ಲ, ಕಾಲವನ್ನು. ಇದು ಬಾಕ್ಸ್‌ಲಾಕ್ ಕೋವಿ, ಗುಂಡು ಸಿಡಿಸುವ ಯಂತ್ರಭಾಗ ಆಕ್ಷನ್ನಿನ ಒಳಗೇ ಇರುವಂಥದ್ದು. ಆನ್ಸನ್ ಮತ್ತು ಡೀಲಿ ರೂಪಿಸಿದ ಆ ರಚನೆ ಬಂದದ್ದು 1875ರಲ್ಲಿ. ನಳಿಗೆಯ ಅಡಿಯ ಸಮತಟ್ಟಿನಲ್ಲಿ ಕೋವಿಗಳ ಬಲವನ್ನು ಪರೀಕ್ಷಿಸಿ ಮುದ್ರೆಯೊತ್ತುವ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಕಿರೀಟ ಹಾಗೂ ಅಡ್ಡಹಾಯ್ದ ರಾಜದಂಡಗಳ ಹಳೆಯ ಮುದ್ರೆಯೂ, ವಜ್ರಾಕೃತಿಯೊಳಗೆ 12 ಮತ್ತು ಸಿ ಅಕ್ಷರವೂ ಇದ್ದವು. ವಜ್ರದ ಗುರುತು 1887ರ ನಿಯಮಗಳೊಂದಿಗೆ ಬಂದದ್ದು, ರಾಜದಂಡದ ಆ ಹಳೆಯ ಮುದ್ರೆ 1904ರಲ್ಲಿ ಬದಲಾದದ್ದು. ಹಾಗಾಗಿ ಕೋವಿ ಈ ಎರಡರ ನಡುವಿನದು. ನಳಿಗೆಗಳ ನಡುವಿನ ಪಟ್ಟಿಯಲ್ಲಿ ಮದರಾಸಿನ ಅಂಗಡಿಯೊಂದರ ಹೆಸರಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿಸಿದ ಕೋವಿಗೆ ಇಲ್ಲಿನ ಅಂಗಡಿಯ ಹೆಸರು ಕೆತ್ತಿಸುವುದು ಆಗ ಸಾಮಾನ್ಯವಾಗಿತ್ತು. ಇಂತಹ ಕೋವಿಯ ನಿಜವಾದ ತಯಾರಕನ ದಾಖಲೆ ಸಿಗುವುದು ಕಷ್ಟವಾದ್ದರಿಂದ ಲೋಹವನ್ನೇ ಓದಬೇಕು.

ಆ ಕಾಲದ ಆಕ್ಷನ್‌ಗಳನ್ನು ಹೆಚ್ಚಾಗಿ ಮೂಳೆ ಮತ್ತು ಮರದ ಇದ್ದಿಲಿನ ನಡುವೆ ಪೆಟ್ಟಿಗೆಯಲ್ಲಿಟ್ಟು, ಕೆಂಪಗೆ ಕಾಯಿಸಿ, ನೀರಿಗೆ ಹಾಕಿ ಗಟ್ಟಿಗೊಳಿಸುತ್ತಿದ್ದರು. ಆಗ ಮೇಲ್ಮೈಯಲ್ಲಿ ನೀಲಿ, ಕಂದು, ಹುಲ್ಲಿನ ಹಳದಿ ಬಣ್ಣಗಳು ಮೋಡದಂತೆ ಹರಡುತ್ತವೆ. ಗಟ್ಟಿತನ ಒಳಕ್ಕೂ ಇಳಿದಿರುತ್ತದೆ, ಆದರೆ ಬಣ್ಣ ಬರಿಯ ತೆಳುಪೊರೆ. ಅಂಗೈಯ ಬೆವರಿಗೂ ಬಿಸಿಲಿಗೂ ಮಾಸಿ ಬೂದುಬಿಳುಪಾಗುತ್ತದೆ. ಗಿರಾಕಿ ಕೇಳಿದರೆ ಆಕ್ಷನ್ನನ್ನು ಬಿಳಿಯಾಗಿಯೇ ಬಿಟ್ಟು ಕಳುಹಿಸಿದ್ದೂ ಉಂಟು. ದೂರದಿಂದ ನೋಡಿದರೆ ಮಾಸಿದ್ದು, ಉಜ್ಜಿದ್ದು, ಬಿಳಿಯಾಗಿಯೇ ಹುಟ್ಟಿದ್ದು ಮೂರೂ ಒಂದೇ ರೀತಿ ಕಾಣುತ್ತವೆ.

ಆದ್ದರಿಂದ ಬಟ್ಟೆ ತಲುಪದ ಜಾಗಗಳಿಗೆ ಹೋದೆ. ಕೋವಿಯನ್ನು ಮಡಚಲು ಮೇಲಿರುವ ಸನ್ನೆಯಾದ ಟಾಪ್ ಲಿವರನ್ನು ಬಲಕ್ಕೆ ತಳ್ಳಿ ಹಿಡಿದು, ಟಾರ್ಚನ್ನು ಓರೆಯಾಗಿಟ್ಟು, ಹತ್ತುಪಟ್ಟಿನ ಮಸೂರದಲ್ಲಿ ನೋಡಿದಾಗ ಲಿವರಿನ ನೆರಳಿನಲ್ಲಿ ಅಕ್ಕಿಕಾಳಿನಷ್ಟು ಅಗಲದ ನೀಲಿ, ಅದರಂಚಿನಲ್ಲಿ ಜೇನಿನ ಬಣ್ಣ, ನಿಂತ ನೀರಿನ ಮೇಲೆ ಎಣ್ಣೆ ಹರಡಿದಂತೆ ಉಳಿದಿತ್ತು. ನಳಿಗೆಗಳ ಅಡಿಯ ಮುಂಗೈ ಹಿಡಿಯಾದ ಫೋರೆಂಡಿನ ಕಬ್ಬಿಣದ ಒಳಮೈಯಲ್ಲೂ ಅದೇ ಬಣ್ಣ. ಇಷ್ಟರಿಂದ ಕೋವಿ ಬಿಳಿಯಾಗಿ ಹುಟ್ಟಿದ್ದಲ್ಲವೆಂದು ತಿಳಿಯಿತು. ತಾನಾಗಿ ಮಾಸಿತೇ, ಉಜ್ಜಿದರೇ ಎಂಬುದನ್ನು ಪಕ್ಕದ ಕೆತ್ತನೆ ಹೇಳಿತು. ಬಳ್ಳಿಯ ಎಲೆಗಳಲ್ಲಿ ಉಳಿಯ ಸಣ್ಣ ಗೆರೆಗಳು ಅಂಚಿನಲ್ಲಿ ಸವೆದು ನಡುವೆ ಮಾತ್ರ ಉಳಿದಿದ್ದವು, ಸ್ಕ್ರೂಗಳ ಸುತ್ತ ಲೋಹ ಬಟ್ಟಲಿನಂತೆ ತಗ್ಗಿತ್ತು. ಎಲ್ಲಕ್ಕಿಂತ ಸ್ಪಷ್ಟವಾದದ್ದು, ಉಜ್ಜುಕಾಗದದ ಗೀರುಗಳು ಲೋಹದ ಅಂಚನ್ನು ದಾಟಿ ಹಿಡಿಯ ಮರದ ಮೇಲೂ ಅದೇ ಓರೆಯಲ್ಲಿ ಮುಂದುವರಿದಿದ್ದವು. ಕಾರ್ಖಾನೆಯಲ್ಲಿ ಫಿನಿಶ್ ಮಾಡುವಾಗ ಮರ ಬಿಚ್ಚಿರುತ್ತದೆ. ಅಂತಹ ಗೀರು ಅಲ್ಲಿ ಹುಟ್ಟುವುದಿಲ್ಲ. ವರ್ಷ ವರ್ಷ ಹಬ್ಬಕ್ಕೆಂದು ಪ್ರೀತಿಯಿಂದ ಉಜ್ಜಿದ ಕೈಗಳೇ ಈ ಬಿಳುಪನ್ನು ಮಾಡಿದ್ದವು.

ಅಪರೂಪದ ಫಿನಿಶ್ ಎಂದೊಡನೆ ಸುಳ್ಳೆಂದು ತಳ್ಳುವುದೂ ತಪ್ಪು. ಇನ್ನೊಂದು ಮನೆಯಲ್ಲಿ ನಿಕ್ಕಲ್ ಲೇಪದ, ಬೆಲ್ಜಿಯಮ್ಮಿನ ಲೀಜ್ ನಗರದ ಕೋವಿಯೊಂದನ್ನು, ಅಂಡಾಕಾರದೊಳಗೆ ಇಎಲ್‌ಜಿ ಎಂಬ ಅಲ್ಲಿನ ಪರೀಕ್ಷಾ ಮುದ್ರೆಯಿದ್ದದ್ದನ್ನು, ನಾನು ಅನುಮಾನದಿಂದಲೇ ಕೈಗೆತ್ತಿಕೊಂಡೆ. ಆದರೆ ಲೇಪ ಕಳಚಿದ ಕಡೆ ಅಡಿಯ ಉಕ್ಕು ನುಣುಪಾಗಿತ್ತು, ಹಳೆಯ ತುಕ್ಕಿನ ಗುಳಿಗಳಿರಲಿಲ್ಲ. ಕೆತ್ತನೆಯ ಅಂಚು ಹರಿತವಾಗಿತ್ತು, ಕೈ ಹಿಡಿಯುವ ಜಾಗದಲ್ಲಿ ಮಾತ್ರ ಲೇಪ ಸವೆದಿತ್ತು. ಅದು ಮೂಲದ್ದೆಂದೇ ನನ್ನ ತೀರ್ಮಾನ. ಗುಳಿಗಳ ಮೇಲೆ ಲೇಪ ಕೂತಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ನಿಕ್ಕಲ್ಲಿನಲ್ಲಿ ತುಸು ಹಳದಿ ಛಾಯೆಯಿದೆ, ಕ್ರೋಮಿನಲ್ಲಿ ನೀಲಿ ಛಾಯೆ. ಕ್ರೋಮ್ ಲೇಪ ವಾಣಿಜ್ಯ ಬಳಕೆಗೆ ಬಂದದ್ದೇ 1920ರ ದಶಕದಲ್ಲಿ, ಆದ್ದರಿಂದ 1890ರ ಕೋವಿಯಲ್ಲಿ ಅದು ಕಂಡರೆ ಮುಂದೆ ನೋಡಬೇಕಿಲ್ಲ.

ನಳಿಗೆಗಳ ಬಗ್ಗೆ ಮಾತ್ರ ನಾನು ಹೆಚ್ಚು ಕಟ್ಟುನಿಟ್ಟು. ಹಳೆಯ ಜೋಡುನಳಿಗೆಯ ಕಪ್ಪು, ನಿಧಾನವಾಗಿ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ ಪದರಪದರವಾಗಿ ಮಾಡಿದ್ದು. ಅದು ಮೃದುವಾಗಿ ಕಾಣುತ್ತದೆ. ಗಾಜಿನಂತೆ ಹೊಳೆಯುವ ಕಡುಕಪ್ಪು ಕಂಡರೆ ಕುದಿಯುವ ಕ್ಷಾರದ್ರಾವಣದಲ್ಲಿ ಮುಳುಗಿಸಿರಬಹುದು, ಅದು ಪಟ್ಟಿಗಳ ಬೆಸುಗೆಯನ್ನೇ ತಿನ್ನುತ್ತದೆ. ನಳಿಗೆಗಳನ್ನು ಬಿಚ್ಚಿ ಕೊಕ್ಕೆಯಿಂದ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ದನಿ ಬಾರದೆ ಒಡಕು ಸದ್ದು ಬಂದರೆ, ಆ ಕೋವಿಯಿಂದ ಗುಂಡು ಹಾರಿಸಬೇಡಿರೆಂದು ಅಲ್ಲೇ ಹೇಳುತ್ತೇನೆ.

ಐನ್‌ಮನೆಯ ಹಿರಿಯರಿಗೆ ಮಸೂರ ಕೊಟ್ಟು ಲಿವರಿನ ಅಡಿಯ ನೀಲಿಯನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಎಮರಿ ಕಾಗದವನ್ನು ತೆಗೆದಿಡಲು ಹೇಳಿದರು. ಆ ವರ್ಷ ಕೋವಿಗೆ ಒಣ ಹತ್ತಿಬಟ್ಟೆ ಮತ್ತು ತೆಳುವಾದ ಎಣ್ಣೆ ಮಾತ್ರ ತಾಗಿದವು. ನಳಿಗೆಯ ಬಾಯಿಗೆ ಹಬ್ಬದ ಕೋವಿಹೂವಾದ ತೋಕ್ ಪೂವು ಸಿಕ್ಕಿಸಿ ಎಂದಿನಂತೆ ಕನ್ನಿಕೊಂಬರೆಯಲ್ಲಿ, ಅಂದರೆ ಮನೆಯ ಪೂಜೆಯ ಕೋಣೆಯಲ್ಲಿ, ಇಟ್ಟರು.