ಡಾಲ್ಫಿನ್ ಕಂಡರೆ ಗಾಳ ಎತ್ತುವುದು: ನಾಲ್ಕು ಹಂಗಾಮುಗಳ ನನ್ನ ಅನುಭವ

ಹವ್ಯಾಸಿ ಗಾಳಗಾರರನ್ನು ಬೋಟಿನಲ್ಲಿ ಕರೆದೊಯ್ಯುವ ನಮ್ಮಂಥವರಿಗೆ, ಕೊಕ್ಕೆಗೆ ಸಿಕ್ಕ ಮೀನು ಮೇಲೆ ಬರುವಷ್ಟರಲ್ಲಿ ಬರೀ ತಲೆಯಾಗಿ ಉಳಿದಿರುವುದು ಹೊಸ ಸಂಗತಿಯಲ್ಲ. ನಾನು ಲೆಕ್ಕ ಬರೆದಿಡಲು ತೊಡಗಿದ ಮೊದಲ ಹಂಗಾಮಿನಲ್ಲಿ, ನೆನಪಿನಿಂದ ಹೇಳುವುದಾದರೆ, ಹತ್ತು ಸಲ ಕಡಲಿಗಿಳಿದರೆ ಆರು ಸಲ ಡಾಲ್ಫಿನ್‌ಗಳು ಬಂದು ಮೀನು ಕಿತ್ತುಕೊಂಡಿದ್ದವು. ಅವನ್ನು ದೂರವಿಡಲು ನಾನು ಮಾಡಿದ ಮೊದಲ ಮೂರು ಪ್ರಯತ್ನಗಳು ನೆಲಕಚ್ಚಿದವು. ‘ಡಾಲ್ಫಿನ್ ಕಂಡೊಡನೆ ಗಾಳ ಎತ್ತಿಸುವವನ ಬೋಟಿಗೆ ಯಾರು ಹತ್ತುತ್ತಾರೆ’ ಎಂದು ಜೊತೆಯವರು ನಕ್ಕ ನಾಲ್ಕನೆಯ ಪ್ರಯತ್ನವೇ ಕಡೆಗೆ ಕೈಹಿಡಿಯಿತು.

ಮೊದಲು ಕೊಂಡದ್ದು ನೀರೊಳಗೆ ಸದ್ದು ಮಾಡುವ ಪಿಂಗರ್. ಆ ಹಂಗಾಮಿನ ಉಳಿತಾಯದಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಅದೇ ನುಂಗಿತು. ಎರಡು ವಾರ ಡಾಲ್ಫಿನ್‌ಗಳು ದೂರ ನಿಂತವು. ಮೂರನೆಯ ವಾರದಿಂದ ಆ ಸದ್ದಿರುವಲ್ಲಿ ಕೊಕ್ಕೆಗೆ ಬಿದ್ದ ಮೀನಿರುತ್ತದೆ ಎಂಬುದನ್ನು ಅರಿತು ನೇರವಾಗಿ ಬರತೊಡಗಿದವು. ನಾನೇ ದುಡ್ಡು ಕೊಟ್ಟು ಡಂಗುರ ಸಾರಿಸಿದಂತಾಯಿತು. ಎರಡನೆಯದಾಗಿ, ಅವುಗಳ ಗಮನ ಸೆಳೆಯಲು ಉಳಿದ ಎರೆಯನ್ನು ಬೋಟಿನ ಇನ್ನೊಂದು ಬದಿಗೆ ಎಸೆದು ನೋಡಿದೆ. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಅಮೆರಿಕದಲ್ಲಿ ಕಾಡು ಡಾಲ್ಫಿನ್‌ಗೆ ಆಹಾರ ಹಾಕುವುದು ಕಾನೂನುಬಾಹಿರ. ಆಸ್ಟ್ರೇಲಿಯಾದ ಮಂಕಿ ಮಿಯಾದಲ್ಲಿ ಜನರ ಕೈಯಿಂದ ಮೀನು ತಿನ್ನುತ್ತಿದ್ದ ತಾಯಂದಿರ ಮರಿಗಳು ಹೆಚ್ಚಾಗಿ ಸಾಯುತ್ತಿದ್ದುದು ಕಂಡುಬಂದ ಮೇಲೆ ಅಲ್ಲಿನ ನಿಯಮಗಳನ್ನು ಬಿಗಿಗೊಳಿಸಲಾಯಿತು. ಮೂರನೆಯದು ಲಂಗರು ಕಿತ್ತು ನೂರಿನ್ನೂರು ಮೀಟರ್ ಸರಿಯುವುದು. ಅವು ಎಂಜಿನ್ನಿನ ಸದ್ದನ್ನೇ ಹಿಡಿದು ಹಿಂದೆ ಬರುತ್ತಿದ್ದವು.

ಈಗ ನಡೆಸುತ್ತಿರುವುದು ಇಷ್ಟೇ. ಬೆನ್ನಿನ ರೆಕ್ಕೆ ಕಂಡೊಡನೆ, ಅದು ಎಷ್ಟೇ ದೂರವಿರಲಿ, ಎಲ್ಲ ದಾರಗಳನ್ನೂ ಎಳೆದುಕೊಳ್ಳುತ್ತೇವೆ. ಎರೆಯನ್ನಾಗಲಿ ಮೀನಿನ ಕರುಳನ್ನಾಗಲಿ ನೀರಿಗೆ ಹಾಕುವುದಿಲ್ಲ. ಸುಮಾರು ಇಪ್ಪತ್ತು ನಿಮಿಷ ಕಾದರೂ ಅವು ಹೋಗದಿದ್ದರೆ ಕನಿಷ್ಠ ಎರಡು ಕಿಲೋಮೀಟರ್ ದೂರಕ್ಕೆ ಹೊರಡುತ್ತೇವೆ. ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮರಳಿ ಬಿಡುವ ಸಣ್ಣ ಮೀನಿನ ವಿಷಯದಲ್ಲಿ ಮಾಡಿದ ಬದಲಾವಣೆ. ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿಕೊಂಡು ಅದು ಹೊಟ್ಟೆ ಮೇಲಾಗಿ ತೇಲುತ್ತದೆ. ಡಾಲ್ಫಿನ್‌ಗೆ ಅದು ಬಟ್ಟಲಲ್ಲಿ ಇಟ್ಟುಕೊಟ್ಟ ತುತ್ತು. ಈಗ ಆಳವಿಲ್ಲದ ಜಾಗದ ಮೀನನ್ನು ಹರಿಯುವ ನೀರಿನ ತೊಟ್ಟಿಯಲ್ಲಿಟ್ಟುಕೊಂಡು ಡಾಲ್ಫಿನ್ ಇಲ್ಲದಾಗ ಬಿಡುತ್ತೇವೆ, ಆಳದ ಮೀನನ್ನು ತೂಕ ಕಟ್ಟಿದ ತಲೆಕೆಳಗಾದ ಕೊಕ್ಕೆಯಿಂದ ತಳದ ಹತ್ತಿರಕ್ಕೆ ಇಳಿಸಿ ಬಿಡುತ್ತೇವೆ. ತೂಕ ಎಷ್ಟಿರಬೇಕೆಂಬುದು ಆಳ ಮತ್ತು ಸೆಳವಿನ ಮೇಲೆ ನಿಂತಿದೆ. ನನ್ನ ಅಳತೆಯನ್ನು ಕಂಡುಕೊಳ್ಳಲು ಒಂದಿಡೀ ಹಂಗಾಮು ಹಿಡಿದದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಮೀನು ಹೋದರೆ ಹೋಗಲಿ ಎನ್ನುವವರು ದಾರದ ವಿಷಯ ತಿಳಿದಿರಬೇಕು. ಡಾಲ್ಫಿನ್‌ನ ಧ್ವನಿಪೆಟ್ಟಿಗೆ ಕೊಕ್ಕಿನಂತೆ ಚಾಚಿಕೊಂಡು, ಅನ್ನನಾಳವನ್ನು ಹಾದು ಮೂಗಿನ ಹಾದಿಗೆ ಸೇರಿಕೊಂಡಿರುತ್ತದೆ. ಮೀನಿನೊಂದಿಗೆ ನುಂಗಿದ ದಾರ ಅದಕ್ಕೆ ಸುತ್ತಿಕೊಂಡರೆ ದಿನದಿನಕ್ಕೂ ಬಿಗಿಯುತ್ತಾ ಹೋಗುತ್ತದೆ. 1970ರಿಂದ ಡಾಲ್ಫಿನ್‌ಗಳ ಅಧ್ಯಯನ ನಡೆಯುತ್ತಿರುವ ಫ್ಲೋರಿಡಾದ ಸಾರಾಸೋಟಾ ಕೊಲ್ಲಿಯಲ್ಲಿ, 2006ರ ಒಂದೇ ವರ್ಷ, ಅಲ್ಲಿಯೇ ನೆಲೆಸಿದ್ದ ಡಾಲ್ಫಿನ್‌ಗಳಲ್ಲಿ ಶೇಕಡಾ 2ರಷ್ಟು ಗಾಳದ ಸಾಮಗ್ರಿಯನ್ನು ನುಂಗಿ ಸತ್ತವು. ಬಾಟಲ್‌ನೋಸ್ ಎಂಬ ಜಾತಿಯ ಡಾಲ್ಫಿನ್ ಮರಿ ಮೂರರಿಂದ ಆರು ವರ್ಷ ತಾಯಿಯ ಜೊತೆಗಿರುವುದರಿಂದ, ಬೋಟಿನ ಬಳಿ ಕಾಯುವ ಚಾಳಿಯನ್ನೂ ತಾಯಿಯಿಂದಲೇ ಕಲಿಯುತ್ತದೆ.

ಇದರ ನಡುವೆ, ಡಾಲ್ಫಿನ್‌ಗೆ ಸಿಕ್ಕಿಕೊಂಡರೂ ಬೇಗ ಕಳಚಿಹೋಗಲೆಂದು ಕೊಕ್ಕೆಗಳ ಮೇಲೂ ಒಂದಿಷ್ಟು ಪ್ರಯೋಗ ನಡೆಸಿದೆ. ಇಕ್ಕಳದಿಂದ ಕೊಕ್ಕೆಯ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿದರೆ ಮೀನೆಲ್ಲ ಜಾರಿಹೋಗುತ್ತದೆ ಎಂದವರೇ ಎಲ್ಲರೂ. ನನ್ನ ಲೆಕ್ಕದಲ್ಲಿ ಹೆಚ್ಚು ಕಳೆದದ್ದು ಹನ್ನೆರಡಕ್ಕೆ ಒಂದರಂತೆ, ಅದೂ ದಾರ ಸಡಿಲ ಬಿಡುವ ಹೊಸಬರ ಕೈಯಲ್ಲಿ. ತುಕ್ಕು ಹಿಡಿಯದ ಉಕ್ಕಿನ ಕೊಕ್ಕೆಯನ್ನೂ ಸಾದಾ ಉಕ್ಕಿನದನ್ನೂ ಉಪ್ಪುನೀರಿನ ಬಕೆಟ್ಟಿನಲ್ಲಿ ಹಾಕಿಟ್ಟಿದ್ದೆ. ಎರಡು ತಿಂಗಳಲ್ಲಿ ಸಾದಾ ಕೊಕ್ಕೆ ಬೆರಳಲ್ಲಿ ಮುರಿಯಿತು, ಇನ್ನೊಂದು ಹೊಳೆಯುತ್ತಲೇ ಇತ್ತು. ಅಂದಿನಿಂದ ಬೋಟಿನಲ್ಲಿ ಸಾದಾ ಕೊಕ್ಕೆಯೇ.

ಇನ್ನು ಹಣದ ಮಾತು. ನಿಯಮ ತಂದ ಮೊದಲ ಹಂಗಾಮಿನಲ್ಲಿ ಬುಕಿಂಗ್ ಕಾಲು ಭಾಗ ಇಳಿಯಿತು. ಕಾಯಂ ತಂಡಗಳಲ್ಲಿ ಮೂರು ಕೈಬಿಟ್ಟವು, ಒಂದು ತಂಡಕ್ಕೆ ಅರ್ಧ ಬಾಡಿಗೆ ಹಿಂದಿರುಗಿಸಬೇಕಾಯಿತು. ಇಂಧನದ ಖರ್ಚು ಹತ್ತನೆಯ ಒಂದು ಭಾಗದಷ್ಟು ಏರಿತು, ಈಗಲೂ ಇಳಿದಿಲ್ಲ. ಆದರೆ ಕಳೆದುಹೋಗುವ ಕೊಕ್ಕೆ, ಸೀಸದ ಗುಂಡು, ದಾರಗಳ ಖರ್ಚು ಅರ್ಧಕ್ಕಿಳಿಯಿತು. ಮೀನು ಇಡಿಯಾಗಿ ಮೇಲೆ ಬರುವುದನ್ನು ಕಂಡ ಗಿರಾಕಿಗಳು ತಾವಾಗಿ ಮತ್ತೆ ಬಂದರು. ಈ ಹಂಗಾಮಿನಲ್ಲಿ ಹತ್ತಕ್ಕೆ ಒಂದೆರಡು ಸಲ ಮಾತ್ರ ಮೀನು ಕಳೆದುಕೊಂಡಿದ್ದೇನೆ. ನಮ್ಮ ಪೈಕಿ ಇಷ್ಟು ಕಡಿಮೆ ಲೆಕ್ಕ ತೋರಿಸಬಲ್ಲವರು ಇನ್ನೊಬ್ಬರಿದ್ದರೆ ಮುಂದೆ ಬರಲಿ.

ರೆಕ್ಕೆಯ ತುದಿ ಹರಿದಿರುವ ಒಂದು ಹೆಣ್ಣು ಡಾಲ್ಫಿನ್ ಹಿಂದೆ ನನ್ನ ಬೋಟನ್ನೇ ಕಾಯುತ್ತಿತ್ತು. ಈಗ ಅದು ಮರಿಯೊಂದಿಗೆ ನನ್ನ ಪಕ್ಕದಲ್ಲೇ ಹಾದು, ಇನ್ನೂ ಕರುಳು ಎಸೆಯುವ ಮತ್ತೊಂದು ಬೋಟಿನ ಕಡೆಗೆ ಹೋಗುತ್ತದೆ. ಅಂದು ಎಲ್ಲರಿಗಿಂತ ಜೋರಾಗಿ ನಕ್ಕವರು ಆ ಬೋಟಿನವರೇ. ಕಳೆದ ವಾರ ಅವರೇ ಬಂದು ನನ್ನ ಲೆಕ್ಕದ ಪುಸ್ತಕ ಕೇಳಿದರು. ಗಾಳ ಹಾಕುವ ಜಾಗಗಳನ್ನು ಬರೆದಿರುವ ಪುಟಗಳನ್ನು ತೆಗೆದಿಟ್ಟುಕೊಂಡು ಕೊಟ್ಟಿದ್ದೇನೆ.